ಹಾಲು ಆಗದವರಿಗೆ ಯಾವ ಗಿಡದ ಹಾಲು? ಸೋಯಾ, ಕಾಯಿ, ಕಡಲೆಬೀಜ, ಬಾದಾಮಿ, ಓಟ್ಸ್, ರಾಗಿ ಎಲ್ಲವನ್ನೂ ತೂಗಿ ನೋಡೋಣ

ಕೋಲಾರ, ಚಿಕ್ಕಬಳ್ಳಾಪುರ ಅಂದರೆ ಹಾಲು, ರೇಷ್ಮೆ. ತುಮಕೂರು ಕಡೆ ತೆಂಗು, ಅದರ ಜೊತೆಗೂ ಹಾಲು. ಬೆಳಗಾದರೆ ಡೇರಿ ಮುಂದೆ ಕ್ಯಾನ್ ಹಿಡಿದು ಸಾಲು ನಿಲ್ಲುವ ಊರುಗಳು ನಮ್ಮವು. ಇಂಥ ಕಡೆ "ನಮ್ಮ ಮಗೂಗೆ ಹಾಲು ಆಗಲ್ಲ" ಅಂದರೆ ನಂಬುವವರು ಕಡಿಮೆ. "ಸ್ವಲ್ಪ ಸ್ವಲ್ಪ ಕೊಟ್ಟು ಅಭ್ಯಾಸ ಮಾಡಿಸಿ, ಸರಿಹೋಗುತ್ತೆ" ಅನ್ನುವವರೇ ಜಾಸ್ತಿ. ನಂಬುವವರು ಸಿಕ್ಕ ಮೇಲೆ ಮುಂದಿನ ಪ್ರಶ್ನೆ ಶುರುವಾಗುತ್ತದೆ. ಬಾದಾಮಿ ಹಾಲು ಕೊಡಬೇಕಾ, ಸೋಯಾ ಕೊಡಬೇಕಾ, ತೋಟದಲ್ಲೇ ಕಾಯಿ ಇದೆ ಕಾಯಿಹಾಲು ಸಾಕಾಗಲ್ವಾ, ಓಟ್ಸ್ ಹಾಲು ಒಳ್ಳೇದಂತೆ ನಿಜಾನಾ? ನಮ್ಮ ಮನೆಯಲ್ಲೂ ಹಾಲು, ಗೋಡಂಬಿ ಎರಡೂ ಆಗದ ಹುಡುಗ ಇದ್ದಾನೆ. ಹಾಗಾಗಿ ಈ ಪ್ರಶ್ನೆಗಳನ್ನೆಲ್ಲ ನಾವೂ ಕೇಳಿಕೊಂಡಿದ್ದೇವೆ, ಎಲ್ಲಾ ಹಾಲನ್ನೂ ಕುದಿಸಿ, ಸೋಸಿ, ಕಾಫಿಗೆ ಹಾಕಿ ನೋಡಿದ್ದೇವೆ.

ಮೊದಲೇ ಒಂದು ಮಾತು. ಹಸುವಿನ ಹಾಲು ಮನೆಯಲ್ಲಿ ಮೂರು ಬೇರೆ ಬೇರೆ ಕೆಲಸ ಮಾಡುತ್ತಿರುತ್ತದೆ. ಕಾಫಿ, ಟೀಗೆ ಬೀಳುತ್ತದೆ. ಪಾಯಸ, ಸಾಗು ಅಂತ ಅಡಿಗೆಗೆ ಬೀಳುತ್ತದೆ. ಮಕ್ಕಳಿಗೆ, ವಯಸ್ಸಾದವರಿಗೆ ಪ್ರೋಟೀನು, ಕ್ಯಾಲ್ಸಿಯಂ, ಬಿ12 ಕೊಡುತ್ತದೆ. ಈ ಮೂರನ್ನೂ ಒಟ್ಟಿಗೆ ಮಾಡುವ ಗಿಡದ ಹಾಲು ಒಂದೂ ಇಲ್ಲ. "ಯಾವುದು ಒಳ್ಳೇದು" ಅಂತ ಕೇಳುವುದಕ್ಕಿಂತ "ನನಗೆ ಯಾವ ಕೆಲಸಕ್ಕೆ ಬೇಕು" ಅಂತ ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಇದು ನಿಜವಾಗಿ ಅಲರ್ಜಿಯೇ?

ಹಾಲು ಕುಡಿದರೆ ಹೊಟ್ಟೆ ಉಬ್ಬರ, ಗ್ಯಾಸು, ಭೇದಿ ಆಗುವುದು ಬೇರೆ. ಹಾಲಿನ ಅಲರ್ಜಿ ಬೇರೆ. ಮೊದಲನೆಯದರಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಲ್ಯಾಕ್ಟೇಸ್ ಅನ್ನೋ ಕಿಣ್ವ ಕಡಿಮೆ ಇರುತ್ತದೆ. ದಕ್ಷಿಣ ಭಾರತದಲ್ಲಿ ದೊಡ್ಡವರಾದ ಮೇಲೆ ಹೀಗಾಗುವುದು ಸಾಮಾನ್ಯ. ಇಂಥವರಲ್ಲಿ ಬಹಳ ಮಂದಿಗೆ ಮೊಸರು, ಮಜ್ಜಿಗೆ ಒಗ್ಗುತ್ತದೆ. ಲ್ಯಾಕ್ಟೋಸ್ ತೆಗೆದ ಹಾಲೂ ಸಿಗುತ್ತದೆ, ಅಮುಲ್‌ನವರದ್ದೇ ಇದೆ. ನಿಮ್ಮದು ಇಷ್ಟೇ ಆಗಿದ್ದರೆ ದುಬಾರಿ ಪ್ಯಾಕೆಟ್‌ಗಳ ಹಿಂದೆ ಹೋಗುವ ಅಗತ್ಯವೇ ಇಲ್ಲ.

ಅಲರ್ಜಿ ಹಾಗಲ್ಲ. ಅಲ್ಲಿ ಮೈ ಜಗಳ ಆಡುವುದು ಹಾಲಿನ ಪ್ರೋಟೀನಿನ ಜೊತೆ, ಅಂದರೆ ಕೇಸಿನ್, ವೇ ಪ್ರೋಟೀನುಗಳ ಜೊತೆ. ಕುಡಿದ ಕೆಲವೇ ನಿಮಿಷದಿಂದ ಹಿಡಿದು ಎರಡು ಗಂಟೆಯೊಳಗೆ ಮೈಮೇಲೆ ದದ್ದು, ತುಟಿ ಊತ, ವಾಂತಿ, ಉಬ್ಬಸ ಬರಬಹುದು. ಉಸಿರು ಕಟ್ಟಿದರೆ, ತಲೆಸುತ್ತಿ ಬಿದ್ದರೆ ಅದು ಜೀವಕ್ಕೇ ಅಪಾಯ. ಮನೆಮದ್ದು ಹುಡುಕುತ್ತಾ ಕೂರದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಅಡ್ರಿನಲಿನ್ ಚುಚ್ಚುಮದ್ದು ಕೊಡುತ್ತಾರೆ. ಲ್ಯಾಕ್ಟೋಸ್ ತೆಗೆದ ಹಾಲಿನಲ್ಲಿ ಪ್ರೋಟೀನು ಹಾಗೇ ಇರುತ್ತದೆ, ಆದ್ದರಿಂದ ಅಲರ್ಜಿ ಇರುವವರಿಗೆ ಅದು ಆಗಲ್ಲ. ಎ2 ಹಾಲು, ನಾಟಿ ಹಸುವಿನ ಹಾಲು ಅಂತ ಜಾಸ್ತಿ ದುಡ್ಡು ಕೊಟ್ಟು ತಂದರೂ ಅಷ್ಟೇ, ಅದರಲ್ಲೂ ಕೇಸಿನ್ ಇದೆ.

ಪಾವಗಡ, ಶಿರಾ ಕಡೆ ಹಿರಿಯರು ತಟ್ಟನೆ ಹೇಳುವ ಮಾತು, "ಮೇಕೆ ಹಾಲು ಕೊಡಿ". ದಯವಿಟ್ಟು ಬೇಡ. ಹಸುವಿನ ಹಾಲಿನ ಅಲರ್ಜಿ ಇರುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಮೇಕೆ ಹಾಲೂ ಆಗುವುದಿಲ್ಲ. ಎರಡರ ಪ್ರೋಟೀನೂ ಅಷ್ಟು ಹತ್ತಿರ. ಎಮ್ಮೆ ಹಾಲಿನ ಕಥೆಯೂ ಹೆಚ್ಚುಕಡಿಮೆ ಅದೇ. ಬೀದಿಯಲ್ಲಿ ಕರೆದು ಕೊಡುವ ಕತ್ತೆ ಹಾಲನ್ನು ಕಾಯಿಸದೆ ಕೂಸಿಗೆ ಕುಡಿಸುವುದಂತೂ ಸೋಂಕನ್ನು ಮನೆಗೆ ಕರೆದ ಹಾಗೆ.

ಪರೀಕ್ಷೆ ವಿಷಯದಲ್ಲೂ ಎಚ್ಚರ ಇರಲಿ. ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ, ರಕ್ತದಲ್ಲಿ ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ) ನೋಡುವ ಪರೀಕ್ಷೆ, ವೈದ್ಯರ ಎದುರಲ್ಲೇ ಸ್ವಲ್ಪ ಸ್ವಲ್ಪ ತಿನ್ನಿಸಿ ನೋಡುವುದು, ಇವು ಲೆಕ್ಕಕ್ಕೆ ಬರುವಂಥವು. ನೂರಾರು ಆಹಾರದ ಪಟ್ಟಿ ಕೊಟ್ಟು "ಇದೆಲ್ಲ ಬಿಡಿ" ಅನ್ನುವ ಐಜಿಜಿ (ಇದು ಬೇರೆ ಬಗೆಯ ಪ್ರತಿಕಾಯ) ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಅದರಿಂದ ಅಲರ್ಜಿ ಗೊತ್ತಾಗುವುದಿಲ್ಲ. ಆ ಪಟ್ಟಿ ನೋಡಿ ಹಾಲು, ಗೋಧಿ, ಕಡಲೆಬೀಜ, ಮೊಟ್ಟೆ ಎಲ್ಲಾ ನಿಲ್ಲಿಸಿ ಮಗು ಸೊರಗಿದ ಮನೆಗಳಿವೆ.

ಒಂದು ವರ್ಷದೊಳಗಿನ ಕೂಸಿಗೆ ಈ ಬರಹದ ಯಾವ ಹಾಲೂ ಮುಖ್ಯ ಆಹಾರ ಆಗಬಾರದು. ತಾಯಿ ಹಾಲು, ಅದಾಗದಿದ್ದರೆ ಅಲರ್ಜಿಗೆಂದೇ ಪ್ರೋಟೀನು ಒಡೆದು ಮಾಡಿದ ಪುಡಿ ಹಾಲು. ಅದನ್ನೂ ಮಕ್ಕಳ ವೈದ್ಯರೇ ಹೇಳಬೇಕು. ಮನೆಯಲ್ಲಿ ಮಾಡಿದ ಬಾದಾಮಿ ನೀರು, ಕಾಯಿಹಾಲು ಬಾಟಲಿಗೆ ಹಾಕಿ ಕುಡಿಸಿದರೆ ಕೂಸಿನ ಹೊಟ್ಟೆ ತುಂಬುತ್ತದೆ, ಮೈ ಬೆಳೆಯುವುದಿಲ್ಲ.

ಯಾವ ಅಳತೆಯಲ್ಲಿ ತೂಗಬೇಕು

ಮೊದಲನೆಯದು, ಇನ್ನೇನು ಆಗಲ್ಲ ಅನ್ನೋದು. ಹಾಲಿನ ಅಲರ್ಜಿ ಇರುವ ಮಕ್ಕಳಲ್ಲಿ ಕೆಲವರಿಗೆ ಮೊಟ್ಟೆ, ಕಡಲೆಬೀಜ, ಗೋಡಂಬಿ ಕೂಡ ಆಗುವುದಿಲ್ಲ. ಒಂದರಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದರ ಬಾಯಿಗೆ ಬೀಳಬಾರದು. ಇದನ್ನು ದಾಟಿದ ಮೇಲಷ್ಟೇ ಉಳಿದ ಲೆಕ್ಕ.

ಎರಡನೆಯದು ಪ್ರೋಟೀನು. ಒಂದು ಲೋಟ, ಅಂದರೆ 250 ಎಂಎಲ್ ಹಸುವಿನ ಹಾಲಿನಲ್ಲಿ ಸುಮಾರು 8 ಗ್ರಾಂ ಪ್ರೋಟೀನು, 300 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇರುತ್ತದೆ. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲವನ್ನೂ ಇದಕ್ಕೇ ಹೋಲಿಸುವುದು. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ, ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ 550 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿಯಲ್ಲಿದೆ.

ಬಿ12 ಬೇರೆಯೇ ಚಿಂತೆ. ಮೊಟ್ಟೆ, ಮಾಂಸ ತಿನ್ನದ ಮನೆಯಲ್ಲಿ ಬಿ12 ಬರುವುದು ಹೆಚ್ಚುಕಡಿಮೆ ಹಾಲು, ಮೊಸರಿನಿಂದಲೇ. ಹಾಲು ನಿಂತರೆ ಅದೂ ನಿಂತಂತೆ. ಮನೆಯಲ್ಲಿ ಮಾಡಿದ ಯಾವ ಗಿಡದ ಹಾಲಿನಲ್ಲೂ ಬಿ12 ಇಲ್ಲ. ಪ್ಯಾಕೆಟ್ಟಿನಲ್ಲಿ ಸೇರಿಸಿದ್ದರೆ ಉಂಟು, ಇಲ್ಲದಿದ್ದರೆ ಮಾತ್ರೆ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಆಮೇಲೆ ಜೇಬು, ಸಿಗುತ್ತದೋ ಇಲ್ಲವೋ ಅನ್ನೋದು, ರುಚಿ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸಿಗುವುದು ಬಾಗೇಪಲ್ಲಿಯಲ್ಲೋ ಮಧುಗಿರಿಯಲ್ಲೋ ಸಿಗಬೇಕೆಂದಿಲ್ಲ.

ಸೋಯಾ ಹಾಲು

ನನ್ನ ಮಟ್ಟಿಗೆ, ಸೋಯಾ ಅಲರ್ಜಿ ಇಲ್ಲ ಅಂತ ಗೊತ್ತಾದವರಿಗೆ ಪೋಷಣೆಗೆ ಮೊದಲ ಆಯ್ಕೆ ಇದೇ. ಒಂದು ಲೋಟದಲ್ಲಿ 7 ಗ್ರಾಂ ಆಸುಪಾಸು ಪ್ರೋಟೀನು, ಅದೂ ಒಳ್ಳೆ ಗುಣದ್ದು. ಗಿಡದ ಹಾಲುಗಳಲ್ಲಿ ಹಸುವಿನ ಹಾಲಿನ ಹತ್ತಿರಕ್ಕೆ ಬರುವುದು ಇದೊಂದೇ ಅಂದರೂ ತಪ್ಪಿಲ್ಲ. ಮನೆಯಲ್ಲಿ ಮಾಡಿದರೆ ಅಗ್ಗವೂ ಹೌದು. ಕಾಲು ಕಿಲೋಗಿಂತ ಕಡಿಮೆ ಕಾಳಿನಲ್ಲಿ ಒಂದು ಲೀಟರ್ ದಾಟಿ ಬರುತ್ತದೆ, ಗ್ಯಾಸ್ ಸೇರಿಸಿದರೂ ಡೇರಿ ಹಾಲಿಗಿಂತ ಕಡಿಮೆಯಲ್ಲೇ ಮುಗಿಯುತ್ತದೆ. ನಮ್ಮ ಅಂಗಡಿಗಳಲ್ಲಿ ಸೋಯಾ ಚಂಕ್ಸ್ ಸುಲಭವಾಗಿ ಸಿಗುತ್ತದೆ, ಕಾಳು ಕೇಳಿ ತರಿಸಿಕೊಳ್ಳಬೇಕು. ಬೆಳೆಯುವುದೆಲ್ಲ ಬೀದರ್, ಬೆಳಗಾವಿ, ಧಾರವಾಡದ ಕಡೆ.

ತೊಂದರೆ ಎರಡು. ಹಾಲಿನ ಅಲರ್ಜಿ ಇರುವ ಮಕ್ಕಳಲ್ಲಿ ಹತ್ತಕ್ಕೆ ಒಬ್ಬರಿಗಾದರೂ ಸೋಯಾ ಕೂಡ ಆಗುವುದಿಲ್ಲ. ಹಾಲು ಕುಡಿದ ಒಂದೆರಡು ಗಂಟೆ ಬಿಟ್ಟು ಮೇಲಿಂದ ಮೇಲೆ ವಾಂತಿ ಆಗುವ, ಮಲದಲ್ಲಿ ರಕ್ತ ಬರುವಂಥ ತಡವಾದ ಅಲರ್ಜಿ ಇರುವ ಕೂಸುಗಳಲ್ಲಿ ಇದು ಇನ್ನೂ ಜಾಸ್ತಿ. ಅಂಥ ಮಕ್ಕಳಿಗೆ ವೈದ್ಯರನ್ನು ಕೇಳದೆ ಸೋಯಾ ಶುರು ಮಾಡಬೇಡಿ. ಇನ್ನೊಂದು, ಥೈರಾಯ್ಡ್ ಮಾತ್ರೆ ತಗೊಳ್ಳುವವರು. ಸೋಯಾ ಆ ಮಾತ್ರೆ ಮೈಗೆ ಹತ್ತುವುದನ್ನು ತಡೆಯುತ್ತದೆ. ಮಾತ್ರೆಗೂ ಸೋಯಾ ಹಾಲಿಗೂ ನಾಲ್ಕು ಗಂಟೆ ಅಂತರ ಇಟ್ಟರೆ ಸಾಕು.

"ಸೋಯಾ ಆಗಲ್ಲ ಅಂದ್ರೆ ಅವರೆಕಾಯಿನೂ ಬಿಡಬೇಕಾ" ಅಂತ ಕೇಳುವವರಿದ್ದಾರೆ. ನಮ್ಮ ಕಡೆ ಅವರೆ ಬಿಡಿ ಅನ್ನುವುದು ಸಣ್ಣ ಮಾತಲ್ಲ. ಒಂದು ಕಾಳು ಆಗಲ್ಲ ಅಂದ ಮಾತ್ರಕ್ಕೆ ತೊಗರಿ, ಅವರೆ, ಹುರುಳಿ ಎಲ್ಲಾ ಆಗಲ್ಲ ಅಂತಿಲ್ಲ. ಈಗಾಗಲೇ ತಿಂದು ಏನೂ ಆಗದ ಕಾಳುಗಳನ್ನು ಸುಮ್ನೆ ನಿಲ್ಲಿಸುವ ಅಗತ್ಯ ಇಲ್ಲ.

ಹಸಿ ವಾಸನೆಗೆ ಹೆದರಿ ಸೋಯಾ ಬಿಟ್ಟವರು ಬಹಳ. ಅದಕ್ಕೆ ದಾರಿ ಇದೆ. ರಾತ್ರಿ ನೆನೆಸಿದ ಕಾಳನ್ನು ಉಜ್ಜಿ ಸಿಪ್ಪೆ ತೆಗೆಯಿರಿ. ಕುದಿಯುವ ನೀರಿಗೆ ಹಾಕಿ ಕೆಲವು ನಿಮಿಷ ಬಿಟ್ಟು, ಬಿಸಿ ನೀರಲ್ಲೇ ರುಬ್ಬಿ. ತಣ್ಣೀರಲ್ಲಿ ರುಬ್ಬಿದರೆ ಕಾಳಿನೊಳಗಿನ ಕಿಣ್ವ ಎಣ್ಣೆ ಅಂಶಕ್ಕೆ ತಾಗಿ ಆ ವಾಸನೆ ಹುಟ್ಟುತ್ತದೆ, ಬಿಸಿ ತಾಗಿದರೆ ಕಿಣ್ವ ಸುಮ್ಮನಾಗುತ್ತದೆ. ಪಂಚೆ ಬಟ್ಟೆಯಲ್ಲಿ ಹಿಂಡಿ ಒಲೆ ಮೇಲೆ ಇಟ್ಟರೆ ಸ್ವಲ್ಪ ಹೊತ್ತಿಗೇ ನೊರೆ ಪಾತ್ರೆ ಅಂಚಿಗೆ ಬಂದುಬಿಡುತ್ತದೆ. ಅದನ್ನು ಕುದಿ ಅಂದುಕೊಂಡು ಇಳಿಸಬಾರದು. ಸೋಯಾ ನಿಜವಾಗಿ ಕುದಿಯುವ ಮೊದಲೇ ಹಾಗೆ ಉಕ್ಕುತ್ತದೆ. ಉರಿ ಸಣ್ಣ ಮಾಡಿ, ನೊರೆ ಇಳಿಸಿ, ಕೈ ಬಿಡದೆ ತಿರುವುತ್ತಾ ಇನ್ನೊಂದು ಹದಿನೈದು ಇಪ್ಪತ್ತು ನಿಮಿಷ ಕುದಿಸಿ. ಅರೆಬೆಂದ ಸೋಯಾ ಪ್ರೋಟೀನನ್ನು ಅರಗಲು ಬಿಡುವುದಿಲ್ಲ, ಹೊಟ್ಟೆ ಕೆಡಿಸುತ್ತದೆ.

ಕಾಫಿಗೆ ಸುಮಾರು. ಗಟ್ಟಿ ಡಿಕಾಕ್ಷನ್‌ಗೆ ಒಮ್ಮೆಲೇ ಸುರಿದರೆ ಒಡೆಯುತ್ತದೆ. ಲೋಟಕ್ಕೆ ಮೊದಲು ಬೆಚ್ಚಗಿನ ಸೋಯಾ ಹಾಕಿ, ಮೇಲೆ ಡಿಕಾಕ್ಷನ್ ನಿಧಾನಕ್ಕೆ ಬಿಟ್ಟರೆ ನಿಲ್ಲುತ್ತದೆ.

ಕಾಯಿಹಾಲು

ತಿಪಟೂರು, ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ಬೇರೆ ಏನೂ ಯೋಚಿಸದೆ ಇದನ್ನೇ ಹಿಡಿಯುತ್ತಾರೆ. ತೋಟದ ಕಾಯಿ, ಕಲಬೆರಕೆ ಇಲ್ಲ, ಎಲ್ಲರಿಗೂ ಗೊತ್ತಿರುವ ರುಚಿ. ಅಲರ್ಜಿ ದೃಷ್ಟಿಯಿಂದಲೂ ಇದು ಬಹಳ ಜನಕ್ಕೆ ಒಗ್ಗುತ್ತದೆ. ತೆಂಗಿನ ಅಲರ್ಜಿ ಅಪರೂಪ. ಬಾದಾಮಿ, ಗೋಡಂಬಿ ಆಗದವರಲ್ಲಿ ಬಹುಪಾಲು ಜನಕ್ಕೆ ತೆಂಗು ಆಗುತ್ತದೆ. ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಮೊದಲು ತೆಂಗನ್ನು ಬೀಜದ ಅಲರ್ಜಿಗಳ ಗುಂಪಿಗೆ ಸೇರಿಸಿತ್ತು, 2025ರ ಜನವರಿಯಲ್ಲಿ ಆ ಪಟ್ಟಿಯಿಂದ ತೆಗೆಯಿತು. ಹಾಗಂತ ಯಾರಿಗೂ ಆಗೋದೇ ಇಲ್ಲ ಅಂತಲ್ಲ, ಅಪರೂಪ ಅಷ್ಟೇ.

ಆದರೆ ಇದನ್ನು ಹಾಲಿನ ಬದಲು ಲೋಟಗಟ್ಟಲೆ ಕುಡಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಇದರಲ್ಲಿ ಇರುವುದು ಮುಖ್ಯವಾಗಿ ಕೊಬ್ಬು, ಅದೂ ಹೆಚ್ಚಿನ ಪಾಲು ಸ್ಯಾಚುರೇಟೆಡ್ ಕೊಬ್ಬು. ಪ್ರೋಟೀನು ಕಡಿಮೆ, ಕ್ಯಾಲ್ಸಿಯಂ ತೀರಾ ಕಡಿಮೆ. ನೀರು ಸೇರಿಸಿ ತೆಳು ಮಾಡಿದರೆ ಇರುವುದೂ ಹೋಗುತ್ತದೆ. ಬೆಳೆಯುವ ಮಗುವಿಗೆ "ನಮ್ಮ ತೋಟದ್ದು, ಶಕ್ತಿ ಬರುತ್ತೆ" ಅಂತ ಇದನ್ನೇ ನೆಚ್ಚಿಕೊಂಡರೆ ತೂಕ ಬರಬಹುದು, ಮೂಳೆಗೆ ಬೇಕಾದ್ದು ಸಿಗುವುದಿಲ್ಲ.

ಅಡಿಗೆಗೆ ಮಾತ್ರ ಇದರ ಮುಂದೆ ಯಾವುದೂ ಇಲ್ಲ. ಹೆಸರುಬೇಳೆ ಪಾಯಸ, ಶಾವಿಗೆ, ಸಾಗು, ಎಲ್ಲದಕ್ಕೂ ಆಗುತ್ತದೆ. ಬಲಿತ ಕಾಯಿ ತುರಿದು, ಉಗುರುಬೆಚ್ಚಗಿನ ನೀರಲ್ಲಿ ರುಬ್ಬಿ, ಮೊದಲ ಹಿಂಡಿನ ಗಟ್ಟಿ ಹಾಲು ಬೇರೆ, ಎರಡನೇ ಹಿಂಡಿನ ತೆಳು ಹಾಲು ಬೇರೆ ಇಟ್ಟುಕೊಳ್ಳಿ. ಬೇಯಿಸುವುದಕ್ಕೆ ತೆಳುವಾದದ್ದು. ಗಟ್ಟಿಯದನ್ನು ಇಳಿಸುವ ಮುಂಚೆ ಹಾಕಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಸಾಕು. ಜೋರಾಗಿ ಕುದಿಸಿದರೆ ಎಣ್ಣೆ ಬಿಟ್ಟುಕೊಳ್ಳುತ್ತದೆ. ಕಾಫಿಗೆ ಹಾಕಿದರೆ ಮೇಲೆ ಜಿಡ್ಡು ತೇಲುತ್ತದೆ, ಕೆಲವರಿಗೆ ಅದು ಇಷ್ಟ, ನನಗೆ ಅಷ್ಟಕ್ಕಷ್ಟೆ.

ಕಡಲೆಬೀಜದ ಹಾಲು

ಪಾವಗಡ, ಬಾಗೇಪಲ್ಲಿ, ಚಿಂತಾಮಣಿ ಕಡೆಯವರ ಮನೆಯಲ್ಲಿ ಚೀಲದಲ್ಲೇ ಇರುವ ಪದಾರ್ಥ. ಯಾಕೋ ಇದನ್ನು ಯಾರೂ ಹಾಲು ಅಂತ ಯೋಚಿಸುವುದೇ ಇಲ್ಲ. 100 ಗ್ರಾಂ ಬೀಜದಲ್ಲಿ 25 ಗ್ರಾಂ ಹತ್ತಿರ ಪ್ರೋಟೀನು ಇದೆ. ಬೀಜ ಸ್ವಲ್ಪ ಹೆಚ್ಚೇ ಹಾಕಿ ಗಟ್ಟಿಯಾಗಿಯೇ ರುಬ್ಬಿದರೆ ಸೋಯಾದಷ್ಟಲ್ಲದಿದ್ದರೂ ಬಾದಾಮಿಗಿಂತ ಎಷ್ಟೋ ಮೇಲು. ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಸೋಸಿ, ಕುದಿಸಿದರೆ ಆಯಿತು. ಇದರಿಂದ ಮೊಸರೂ ಆಗುತ್ತದೆ, ಆದರೆ ಹಾಲಿನ ಅಲರ್ಜಿ ಇದ್ದರೆ ಹೆಪ್ಪಿಗೆ ಹಸುವಿನ ಮೊಸರು ಹಾಕುವಂತಿಲ್ಲ. ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಬೆಚ್ಚಗೆ ಇಡುವುದು ರೂಢಿ.

ಕಡಲೆಬೀಜದ ಅಲರ್ಜಿ ಇದ್ದರೆ ಮಾತೇ ಇಲ್ಲ, ಮನೆಯೊಳಗೇ ಬೇಡ. ಇದು ಜೋರಾಗಿ ಬರುವ ಅಲರ್ಜಿಗಳಲ್ಲಿ ಒಂದು, ಬಹಳ ಮಂದಿಗೆ ಜೀವನಪೂರ್ತಿ ಉಳಿಯುತ್ತದೆ. ಇಲ್ಲದವರೂ ಬೀಜವನ್ನು ಆರಿಸಿ ಬಳಸಿ. ಬೂಷ್ಟು ಹಿಡಿದ, ಸುಕ್ಕಾದ, ಕಪ್ಪಾದ ಬೀಜದಲ್ಲಿ ಅಫ್ಲಟಾಕ್ಸಿನ್ ಅನ್ನೋ ವಿಷ ಇರಬಹುದು, ಅದು ಕುದಿಸಿದರೆ ಹೋಗುವುದಿಲ್ಲ.

ಬಾದಾಮಿ, ಗೋಡಂಬಿ

ಜಾಹೀರಾತಿನಲ್ಲಿ ಹೆಚ್ಚು ಕಾಣುವುದು ಇದೇ. ಒಂದು ಲೀಟರ್ ಪ್ಯಾಕೆಟ್ ಸುಮಾರು 250, 300 ರೂಪಾಯಿಯ ಆಚೆ ಈಚೆ. ಪ್ರೋಟೀನು ಲೋಟಕ್ಕೆ ಒಂದು ಗ್ರಾಂ ಇದ್ದರೆ ಹೆಚ್ಚು. ಬಾದಾಮಿ ಪೌಷ್ಟಿಕ ನಿಜ, ಆದರೆ ಆ ಪೆಟ್ಟಿಗೆಯಲ್ಲಿ ಬಾದಾಮಿ ಇರುವುದೇ ಸ್ವಲ್ಪ, ಉಳಿದದ್ದು ನೀರು. ಕ್ಯಾಲ್ಸಿಯಂ ಸೇರಿಸಿದ ಪ್ಯಾಕೆಟ್ ಆದರೆ ಆ ಒಂದು ಲೆಕ್ಕಕ್ಕೆ ಪರವಾಗಿಲ್ಲ. ತೂಕ ಇಳಿಸಬೇಕು, ಸಕ್ಕರೆ ಕಾಯಿಲೆ ಇದೆ, ಪ್ರೋಟೀನು ಬೇಳೆ ಕಾಳಿನಿಂದ ಬರುತ್ತಿದೆ ಅನ್ನುವ ದೊಡ್ಡವರಿಗೆ ಸಕ್ಕರೆ ಹಾಕದ ಬಾದಾಮಿ ಹಾಲು ಸರಿ. ಮಕ್ಕಳಿಗೆ ಹಾಲಿನ ಬದಲಿ ಅಂತ ಇದನ್ನು ಕೊಡುವುದು ದುಡ್ಡು ಕೊಟ್ಟು ನೀರು ಕುಡಿಸಿದಂತೆ.

ಗೋಡಂಬಿ ಹಾಲು ಕಾಫಿಗೆ, ಕುರ್ಮಾಕ್ಕೆ ದಪ್ಪ ಬರುತ್ತದೆ, ಸೋಸುವ ಕೆಲಸವೂ ಇಲ್ಲ. ಆದರೆ ಗೋಡಂಬಿ ಆಗದವರಿಗೆ ಪಿಸ್ತಾ ಕೂಡ ಆಗದಿರುವುದು ಜಾಸ್ತಿ, ಎರಡೂ ಒಂದೇ ಕುಟುಂಬದ ಗಿಡಗಳ ಬೀಜ. ಎರಡರಿಂದಲೂ ದೂರ ಇರಿ.

ಹೋಟೆಲು, ಬೇಕರಿಯಲ್ಲಿ ಸಿಗುವ ಹಳದಿ ಬಣ್ಣದ ಬಾದಾಮಿ ಹಾಲು ಹಸುವಿನ ಹಾಲಿನದ್ದು, ಬಾದಾಮಿ ಪುಡಿ ಬೆರೆಸಿದ್ದು ಅಷ್ಟೇ. ಅಂಗಡಿಯಲ್ಲಿ ಸಿಗುವ ಬಾದಾಮಿ ಪುಡಿ ಡಬ್ಬಿಗಳಲ್ಲೂ ಹಾಲಿನ ಪುಡಿ ಇರಬಹುದು. ಮಗುವನ್ನು ನೆಂಟರ ಜೊತೆ ಕಳಿಸುವಾಗ ಇದನ್ನು ಬಾಯಿಬಿಟ್ಟು ಹೇಳಿ ಕಳಿಸಿ.

ಓಟ್ಸ್ ಹಾಲು

ಕಾಫಿ ಪ್ರಿಯರಿಗೆ ಹೇಳಿ ಮಾಡಿಸಿದ್ದು. ಬರಿಸ್ತಾ ಅಂತ ಬರೆದ ಪ್ಯಾಕೆಟ್‌ಗಳಲ್ಲಿ ಎಣ್ಣೆ ಸೇರಿಸಿ, ಹುಳಿಗೆ ಒಡೆಯದಂತೆ ಮಾಡಿರುತ್ತಾರೆ. ಫಿಲ್ಟರ್ ಕಾಫಿಗೂ ಚೆನ್ನಾಗಿ ಕೂರುತ್ತದೆ. ಪ್ರೋಟೀನು ಲೋಟಕ್ಕೆ ಎರಡು ಮೂರು ಗ್ರಾಂ. ಬೆಲೆ ಬಾದಾಮಿಯ ಆಸುಪಾಸು. ಸಕ್ಕರೆ ಹಾಕಿಲ್ಲ ಅಂತ ಬರೆದಿದ್ದರೂ, ಮಾಡುವಾಗ ಪಿಷ್ಟ ಒಡೆದು ಸಕ್ಕರೆ ಆಗಿರುತ್ತದೆ. ಮಧುಮೇಹ ಇರುವವರು ಪೆಟ್ಟಿಗೆ ಹಿಂದಿನ ಪಟ್ಟಿ ಓದಿ. ಮನೆಯಲ್ಲಿ ಮಾಡಿದರೆ ಅಗ್ಗ, ಆದರೆ ಕಾಯಿಸಿದ ಕೂಡಲೇ ಗಂಜಿಯ ಹಾಗೆ ಲೋಳೆ ಬರುತ್ತದೆ, ಕಾಫಿಗೆ ಆಗಲ್ಲ.

ಹಾಲು, ಸೋಯಾ, ಬೀಜಗಳು ಯಾವುದೂ ಆಗದವರಿಗೆ ಓಟ್ಸ್ ದೊಡ್ಡ ಆಸರೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಅನ್ನೋ ಪ್ರೋಟೀನು ಆಗದ ಸೀಲಿಯಾಕ್ ಕಾಯಿಲೆಯವರು ಮಾತ್ರ ಗ್ಲುಟೆನ್ ರಹಿತ ಅಂತ ಸ್ಪಷ್ಟವಾಗಿ ಬರೆದದ್ದನ್ನೇ ತರಬೇಕು, ಸಾಮಾನ್ಯ ಓಟ್ಸ್‌ಗೆ ಗೋಧಿ, ಬಾರ್ಲಿ ಬೆರೆತಿರುತ್ತದೆ.

ಅಕ್ಕಿ ಹಾಲು, ಎಳ್ಳಿನ ಹಾಲು

ಅಕ್ಕಿ ಹಾಲು ಅಲರ್ಜಿ ಕಡಿಮೆ, ಪ್ರೋಟೀನು ಇಲ್ಲವೇ ಇಲ್ಲ ಅನ್ನಬಹುದು, ಸಕ್ಕರೆ ಅಂಶ ಜಾಸ್ತಿ. ಅಕ್ಕಿಯಲ್ಲಿ ಆರ್ಸೆನಿಕ್ ಅನ್ನೋ ವಿಷ ಸೇರಿಕೊಳ್ಳುವ ಕಾರಣ ಬ್ರಿಟನ್‌ನಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಅಕ್ಕಿ ಹಾಲು ಕೊಡಬೇಡಿ ಅಂತಲೇ ಹೇಳುತ್ತಾರೆ. ದೊಡ್ಡವರು ಬೇರೆ ದಾರಿ ಇಲ್ಲದಿದ್ದರೆ ಬಳಸಬಹುದು.

ಎಳ್ಳಿನಲ್ಲಿ ಕ್ಯಾಲ್ಸಿಯಂ ರಾಗಿಗಿಂತಲೂ ಬಹಳ ಜಾಸ್ತಿ. ಸ್ವಲ್ಪ ಕಹಿ ಇರುತ್ತದೆ, ಬೆಲ್ಲ ಏಲಕ್ಕಿ ಹಾಕಿದರೆ ಕುಡಿಯಬಹುದು. ಎಳ್ಳಿನ ಅಲರ್ಜಿ ಇರುವವರಿಗೆ ಅದು ತೀವ್ರವಾಗಿ ಬರುತ್ತದೆ. ಸಂಕ್ರಾಂತಿಯ ಎಳ್ಳು ಬೆಲ್ಲದಲ್ಲಿ ಎಳ್ಳು, ಕಡಲೆಬೀಜ, ಕೊಬ್ಬರಿ, ಹುರಿಗಡಲೆ ಎಲ್ಲಾ ಒಟ್ಟಿಗೆ ಇರುತ್ತದಲ್ಲ, ಅದನ್ನು ತಿಂದು ಏನಾದರೂ ಆಗಿದ್ದರೆ ಯಾವುದರಿಂದ ಅಂತ ಪರೀಕ್ಷೆ ಮಾಡಿಸಿಯೇ ಮುಂದೆ ಹೋಗಿ.

ರಾಗಿ ಹಾಲು

ಇದರ ಬಗ್ಗೆ ನಮ್ಮವರಿಗೆ ಪ್ರೀತಿ ಜಾಸ್ತಿ, ನನಗೂ ಇದೆ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಅಂತ 2017ರ ಭಾರತೀಯ ಆಹಾರ ಪಟ್ಟಿ ಹೇಳುತ್ತದೆ. ಆದರೆ ಒಂದು ಲೋಟ ರಾಗಿ ಹಾಲಿಗೆ ಬೀಳುವುದು ಒಂದು ಹಿಡಿ ರಾಗಿ. ಕ್ಯಾಲ್ಸಿಯಂ ಹೆಚ್ಚಾಗಿ ಇರುವುದು ಸಿಪ್ಪೆಯಲ್ಲಿ, ಬಟ್ಟೆಯಲ್ಲಿ ಸೋಸಿದಾಗ ಅದರಲ್ಲಿ ಒಂದು ಪಾಲು ಚರಟದ ಜೊತೆಗೇ ಹೋಗುತ್ತದೆ. ಬಟ್ಟೆ ಬಿಚ್ಚಿ ನೋಡಿದರೆ ಕೆಂಪಗೆ ಉಳಿದಿರುತ್ತದಲ್ಲ, ಅದೇ. ಹಾಗಾಗಿ ರಾಗಿಯಿಂದ ಕ್ಯಾಲ್ಸಿಯಂ ಬೇಕು ಅಂದರೆ ಮುದ್ದೆ, ಅಂಬಲಿ, ರೊಟ್ಟಿ ಇವೇ ಸರಿ. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ರಾಗಿ ಹಾಲನ್ನು ಮಣ್ಣಿ ಮಾಡಲು, ಮಕ್ಕಳಿಗೆ ಬೆಲ್ಲ ಹಾಕಿ ಸಂಜೆ ಕೊಡಲು ಬಳಸಿ. ಹಾಲಿನ ಬದಲಿ ಅಂತ ಲೆಕ್ಕ ಹಾಕಬೇಡಿ.

ಅಂಗಡಿಯ ರಾಗಿ ಮಾಲ್ಟ್ ಪುಡಿಗಳಲ್ಲಿ ಬಾದಾಮಿ, ಗೋಡಂಬಿ, ಹಾಲಿನ ಪುಡಿ ಸೇರಿಸಿದ್ದು ಬಹಳ ಇದೆ. ಅಲರ್ಜಿ ಮನೆಗೆ ಬರೀ ರಾಗಿಯೇ ಕ್ಷೇಮ.

ಪ್ಯಾಕೆಟ್ ಹಿಂದೆ ಏನು ಓದಬೇಕು

2021ರ ಸೆಪ್ಟೆಂಬರ್‌ನಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ, ಗಿಡದ ಪಾನೀಯಗಳನ್ನು ಹಾಲು ಅಂತ ಹೆಸರಿಟ್ಟು ಆನ್‌ಲೈನ್‌ನಲ್ಲಿ ಮಾರುವಂತಿಲ್ಲ ಅಂತ ಹೇಳಿತು. ಕಾಯಿಹಾಲಿನಂಥ ಹಳೆ ಹೆಸರುಗಳಿಗೆ ಮಾತ್ರ ವಿನಾಯಿತಿ. ಆದ್ದರಿಂದ ಪೆಟ್ಟಿಗೆ ಮೇಲೆ ಡ್ರಿಂಕ್, ಬೆವರೇಜ್ ಅಂತ ಇರುತ್ತದೆ, ಗಾಬರಿ ಬೇಡ.

ಹಸಿರು ಚುಕ್ಕೆ ನೋಡಿ ನಂಬಬೇಡಿ. ಅದು ಸಸ್ಯಾಹಾರ ಅಂತ ಹೇಳುತ್ತದೆ ಅಷ್ಟೇ, ನಮ್ಮ ದೇಶದಲ್ಲಿ ಹಾಲೂ ಅದರೊಳಗೇ ಬರುತ್ತದೆ. ಪ್ರಾಣಿಯಿಂದ ಬಂದದ್ದು ಏನೂ ಹಾಕಿಲ್ಲ ಅನ್ನುವ ವೀಗನ್ ಗುರುತು ಬೇರೆ. ಅದಿದ್ದರೂ ಅಲರ್ಜಿಯ ಸಾಲು ಓದಲೇಬೇಕು, ಒಂದೇ ಯಂತ್ರದಲ್ಲಿ ಹಾಲು, ಬೀಜ ಹಾಯ್ದಿರಬಹುದು. ಹಾಲು, ಸೋಯಾ, ಕಡಲೆಬೀಜ, ಮರದ ಬೀಜಗಳು, ಗ್ಲುಟೆನ್ ಇರುವ ಧಾನ್ಯ, ಇವನ್ನು ಅಲರ್ಜಿ ಅಂತ ತೋರಿಸುವುದು ಕಂಪನಿಗಳಿಗೆ ಕಡ್ಡಾಯ. ಎಳ್ಳು ಆ ಪಟ್ಟಿಯಲ್ಲಿಲ್ಲ. ಎಳ್ಳು ಆಗದವರು ಪದಾರ್ಥಗಳ ಪೂರ್ತಿ ಸಾಲು ಓದಬೇಕು. ಕೇಸಿನ್, ಕೇಸಿನೇಟ್, ವೇ, ಮಿಲ್ಕ್ ಸಾಲಿಡ್ಸ್ ಯಾವುದು ಕಂಡರೂ ಹಾಲೇ. ನಾನ್ ಡೈರಿ ಕ್ರೀಮರ್ ಅಂತ ಹೆಸರಿದ್ದರೂ ಒಳಗೆ ಸೋಡಿಯಂ ಕೇಸಿನೇಟ್ ಇರುವುದುಂಟು. ತುಪ್ಪದಲ್ಲೂ ಹಾಲಿನ ಪ್ರೋಟೀನು ಚೂರು ಉಳಿದಿರುತ್ತದೆ, ಅಲರ್ಜಿ ಜೋರಾಗಿದ್ದರೆ ಅದೂ ಬೇಡ. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಬೆಣ್ಣೆ ಬೇಡ ಅಂತ ಮೊದಲೇ ಹೇಳಿ, ಹಾಕಿ ತೆಗೆದರೆ ಪ್ರಯೋಜನ ಇಲ್ಲ.

ಕ್ಯಾಲ್ಸಿಯಂ ಸೇರಿಸಿದ ಪ್ಯಾಕೆಟ್ ಕೊಂಡರೆ ಪ್ರತಿ ಸಲ ಚೆನ್ನಾಗಿ ಕುಲುಕಿ. ಕ್ಯಾಲ್ಸಿಯಂ ತಳದಲ್ಲಿ ಕೂತಿರುತ್ತದೆ, ಕುಲುಕದಿದ್ದರೆ ಪೆಟ್ಟಿಗೆ ಜೊತೆಗೇ ಬಿಸಾಕಿದಂತೆ.

ಮನೆಯಲ್ಲೇ ಮಾಡುವವರಿಗೆ ಮಿಕ್ಸಿ ಜಾರ್ ಮುಖ್ಯ. ಕಡಲೆಬೀಜದ ಚಟ್ನಿ ರುಬ್ಬಿದ ಜಾರಿನ ಬ್ಲೇಡ್ ಕೆಳಗೆ, ರಬ್ಬರ್ ಸಂದಿಯಲ್ಲಿ ಸ್ವಲ್ಪ ಉಳಿದೇ ಇರುತ್ತದೆ. ಅಲರ್ಜಿ ಇರುವವರಿಗೆ ಬೇರೆ ಜಾರ್, ಬೇರೆ ಸೋಸುವ ಬಟ್ಟೆ ಇಡಿ. ಗಾಣದ ಎಣ್ಣೆ ತರುವವರೂ ಕೇಳಿ ತನ್ನಿ, ಒಂದೇ ಗಾಣದಲ್ಲಿ ಕಡಲೆಬೀಜ, ಎಳ್ಳು, ಕೊಬ್ಬರಿ ಸರದಿ ಮೇಲೆ ಹಾಕುವ ಕಡೆ ಬಹಳ. ಗ್ಲುಟೆನ್ ಆಗದವರು ಹಿಟ್ಟಿನ ಗಿರಣಿಯಲ್ಲೂ ಇದನ್ನೇ ಕೇಳಬೇಕು.

ಯಾರಿಗೆ ಯಾವುದು

ಹಾಲು ಮಾತ್ರ ಆಗಲ್ಲ, ಬೇರೆಲ್ಲ ಆಗುತ್ತದೆ, ಖರ್ಚು ಕಡಿಮೆ ಇರಬೇಕು ಅನ್ನುವ ಮನೆಗೆ ಮನೆಯಲ್ಲೇ ಮಾಡಿದ ಸೋಯಾ, ಬದಲಾವಣೆಗೆ ಕಡಲೆಬೀಜ. ಕ್ಯಾಲ್ಸಿಯಂಗೆ ಮುದ್ದೆ, ನುಗ್ಗೆ ಸೊಪ್ಪು. ಬಿ12ಗೆ ಮೊಟ್ಟೆ ಅಥವಾ ಮಾತ್ರೆ. ತಿಂಗಳಿಗೆ ಸ್ವಲ್ಪ ಜಾಸ್ತಿ ಖರ್ಚು ಮಾಡಬಲ್ಲವರು, ರುಬ್ಬಲು ಪುರುಸೊತ್ತಿಲ್ಲದವರು ಕ್ಯಾಲ್ಸಿಯಂ, ಬಿ12 ಸೇರಿಸಿದ, ಸಕ್ಕರೆ ಇಲ್ಲದ ಸೋಯಾ ಪ್ಯಾಕೆಟ್ ತರಲಿ. ಬಾದಾಮಿ, ಓಟ್ಸ್‌ಗಿಂತ ಇದು ಅಗ್ಗವೂ ಹೌದು.

ಹಾಲು, ಸೋಯಾ ಎರಡೂ ಆಗದ ಮಗುವಿಗೆ ಆಯ್ಕೆ ಬಿಗಿಯಾಗುತ್ತದೆ. ಕಡಲೆಬೀಜ ಆಗುತ್ತದೆ ಅಂತ ಖಾತ್ರಿ ಇದ್ದರೆ ಅದು, ಇಲ್ಲದಿದ್ದರೆ ಕ್ಯಾಲ್ಸಿಯಂ ಸೇರಿಸಿದ ಓಟ್ಸ್. ಪ್ರೋಟೀನನ್ನು ಹಾಲಿನಲ್ಲಿ ಹುಡುಕದೆ ತಟ್ಟೆಯಲ್ಲಿ ತುಂಬಿಸಿ, ಬೇಳೆ, ಕಾಳು, ತಿನ್ನುವವರಾದರೆ ಮೊಟ್ಟೆ, ಮೀನು, ಮಾಂಸ. ಇಂಥ ಮಗುವನ್ನು ಆಹಾರ ತಜ್ಞರಿಗೆ ಒಮ್ಮೆ ತೋರಿಸುವುದು ಒಳ್ಳೆಯದು, ತೂಕ, ಎತ್ತರ ಬರೆದಿಡಿ. ಹಾಲು, ಸೋಯಾ, ಕಡಲೆಬೀಜ, ಗೋಡಂಬಿ ಎಲ್ಲಾ ಆಗದವರಿಗೆ ಓಟ್ಸ್ ಮತ್ತು ಕಾಯಿಹಾಲು, ಒಂದು ಲೋಟಕ್ಕೆ, ಇನ್ನೊಂದು ಅಡಿಗೆಗೆ. ಕಾಫಿಯೊಂದೇ ಚಿಂತೆ ಅನ್ನುವ ದೊಡ್ಡವರು ಓಟ್ಸ್ ತಂದುಕೊಳ್ಳಿ, ದಿನಕ್ಕೆ ಎರಡು ಲೋಟಕ್ಕೆ ಬೇಕಾಗುವುದು ಸ್ವಲ್ಪವೇ. ತೆರೆದ ಪ್ಯಾಕೆಟ್ಟನ್ನು ಫ್ರಿಜ್‌ನಲ್ಲಿಟ್ಟು ಪೆಟ್ಟಿಗೆ ಮೇಲೆ ಹೇಳಿದಷ್ಟು ದಿನದೊಳಗೆ ಮುಗಿಸಿ. ಕರೆಂಟ್ ಹೋಗುವ ಊರಾದರೆ ಸಣ್ಣ ಪ್ಯಾಕೆಟ್ಟೇ ಲಾಭ.

ಹಾಲಿನ ಅಲರ್ಜಿ ಬಹಳ ಮಕ್ಕಳಲ್ಲಿ ಬೆಳೆಯುತ್ತಾ ಹೋಗಿಬಿಡುತ್ತದೆ. ಹಾಗಾಗಿ ಆಗಾಗ ವೈದ್ಯರ ಹತ್ತಿರ ಮತ್ತೆ ಪರೀಕ್ಷೆ ಮಾಡಿಸಿ, ಮನೆಯಲ್ಲಿ ನೀವೇ ಕುಡಿಸಿ ನೋಡಬೇಡಿ. ಹೊಸ ಗಿಡದ ಹಾಲು ಶುರು ಮಾಡುವಾಗಲೂ ಒಂದು ಸಲಕ್ಕೆ ಒಂದೇ. ಬೆಳಗ್ಗೆ ಹೊತ್ತು, ಜ್ವರ ನೆಗಡಿ ಇಲ್ಲದ ದಿನ, ಮನೆಯಲ್ಲಿ ದೊಡ್ಡವರು ಇರುವಾಗ ಒಂದು ಚಮಚದಿಂದ ಶುರು ಮಾಡಿ. ಏನೂ ಆಗದಿದ್ದರೆ ದಿನ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಕೆಲವು ದಿನ ಬಿಟ್ಟು ಇನ್ನೊಂದಕ್ಕೆ ಹೋಗಿ. ಹಿಂದೆ ಯಾವಾಗಲಾದರೂ ಉಸಿರು ಕಟ್ಟಿದ ಮಗುವಾದರೆ ಆ ಮೊದಲ ಚಮಚ ಆಸ್ಪತ್ರೆಯಲ್ಲೇ, ವೈದ್ಯರ ಕಣ್ಣೆದುರೇ ಆಗಲಿ.